ಗುರಿಕಾರಿಕೆಯ ತಯಾರಿಗೆ ಬಂದೂಕೇ ಬೇಕಿಲ್ಲ

ಬೆಳಗಾವಿ, ಧಾರವಾಡ, ವಿಜಯಪುರದ ಕ್ರೀಡಾಂಗಣಗಳಲ್ಲಿ ನಸುಕಿನಲ್ಲೇ ಬೆವರು ಹರಿಸುವ ಯುವಕರಿಗೆ ಅಗ್ನಿವೀರ ಭರ್ತಿಯ ಲೆಕ್ಕ ಬಾಯಿಪಾಠ. 1.6 ಕಿ.ಮೀ. ಓಟ, 10 ಪುಲ್‌ಅಪ್, 9 ಅಡಿ ಹಳ್ಳ ಜಿಗಿತ, ಅದಕ್ಕೂ ಮುಂಚೆ ಲಿಖಿತ ಪರೀಕ್ಷೆ. ಈ ಪಟ್ಟಿಯಲ್ಲಿ ಇಲ್ಲದ್ದು ಗುರಿಕಾರಿಕೆ. ಭರ್ತಿಯಲ್ಲಿ ಅದನ್ನು ಕೇಳುವುದಿಲ್ಲ, ಹಾಗಾಗಿ ಕೋಚಿಂಗ್ ಕೇಂದ್ರಗಳೂ ಅದರ ಗೊಡವೆಗೆ ಹೋಗುವುದಿಲ್ಲ.

ಗುರಿಕಾರಿಕೆಯನ್ನು ಸೇನೆ ಸೇರಿದ ಮೇಲೆ ಕಲಿತರೂ ಹಿಂದೆ ನಡೆಯುತ್ತಿತ್ತು. ಆದರೆ 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇವೆಯ ಅವಧಿ ನಾಲ್ಕೇ ವರ್ಷ, ತರಬೇತಿಯೂ ಅದರೊಳಗೇ. ಕಾಯಂ ಸೇವೆಗೆ ಉಳಿಯುವವರು ಹೆಚ್ಚೆಂದರೆ ಶೇ 25ರಷ್ಟು, ಅದೂ ಸೇವಾವಧಿಯ ಸಾಧನೆಯ ಮೇಲೆ. ನಿಧಾನವಾಗಿ ಕಲಿತರಾಯಿತು ಎನ್ನುವಷ್ಟು ಬಿಡುವು ಈಗಿಲ್ಲ.

ಫೈರಿಂಗ್ ರೇಂಜ್‌ನಲ್ಲಿ ಹೊಸಬರು ಎಡವುವುದು ಎಲ್ಲಿ? ಬಹುತೇಕ ಸಲ ಕಣ್ಣಿನಲ್ಲಲ್ಲ, ಬೆರಳಿನಲ್ಲಿ. ಸದ್ದಿಗೆ ಬೆಚ್ಚುವ ದೇಹ ಗುಂಡು ಹಾರುವ ಮೊದಲೇ ಭುಜ ಬಿಗಿದುಕೊಳ್ಳುತ್ತದೆ, ಕಣ್ಣು ಮುಚ್ಚುತ್ತದೆ, ಟ್ರಿಗರನ್ನು ಒತ್ತುವ ಬದಲು ಎಳೆದುಬಿಡುತ್ತದೆ. ನಳಿಗೆಯ ತುದಿ ಕೂದಲೆಳೆಯಷ್ಟು ಅಲುಗಿದರೂ ನೂರು ಮೀಟರ್ ಆಚೆ ಗುಂಡು ದಿಕ್ಕು ತಪ್ಪುತ್ತದೆ. ಅದಕ್ಕೇ ಸೇನೆಯ ಉಸ್ತಾದರು (ತರಬೇತುದಾರರು) ಮೊದಲು ಹೇಳಿಕೊಡುವ ಸೂತ್ರ ‘ಮಜಬೂತ್ ಪಕಡ್, ದುರುಸ್ತ್ ಶಿಸ್ತ್, ಸಹೀ ಟ್ರಿಗರ್ ಆಪರೇಷನ್’. ಹಿಡಿತ ಗಟ್ಟಿಯಿರಲಿ, ಗುರಿ ನೇರವಿರಲಿ, ಬೆರಳು ಟ್ರಿಗರನ್ನು ಹದವಾಗಿ ಒತ್ತಲಿ ಎಂದರ್ಥ. ಖಾಲಿ ರೈಫಲ್‌ನ ನಳಿಗೆಯ ತುದಿಯಲ್ಲಿ ನಾಣ್ಯ ಇಟ್ಟು ಟ್ರಿಗರ್ ಒತ್ತಿಸುವ ಹಳೆಯ ಅಭ್ಯಾಸವೂ ಇದಕ್ಕಾಗಿಯೇ: ನಾಣ್ಯ ಬಿದ್ದರೆ ಬೆರಳಿನ ತಪ್ಪು ಬಯಲಾಗುತ್ತದೆ.

ಹಿಡಿತ, ಗುರಿ, ಟ್ರಿಗರ್ ಈ ಮೂರರ ಬುನಾದಿಯನ್ನು ಬಂದೂಕಿಲ್ಲದೆಯೂ ಹಾಕಬಹುದು. ಬೋರಲು ಮಲಗಿ ಮೊಣಕೈ ಊರಿ ಬಹಳ ಹೊತ್ತು ಅಲುಗದೆ ಇರುವುದು, ಭುಜ, ಬೆನ್ನು, ಹೊಟ್ಟೆಯ ಸ್ನಾಯುಗಳನ್ನು ಬಲಪಡಿಸುವುದು, ಓಡಿ ಬಂದ ಏದುಸಿರನ್ನು ಬೇಗ ಹತೋಟಿಗೆ ತರುವುದು, ಉಸಿರು ಬಿಟ್ಟ ಮೇಲಿನ ಸಹಜ ವಿರಾಮವನ್ನು ಗುರುತಿಸುವುದು. ಎರಡು ಕಣ್ಣುಗಳಲ್ಲಿ ಯಾವುದು ಪ್ರಬಲ ಎಂಬುದನ್ನೂ ಮೊದಲೇ ತಿಳಿದಿರಬೇಕು. ಇದಕ್ಕೆಲ್ಲ ಖರ್ಚಿಲ್ಲ, ಪರವಾನಗಿಯೂ ಬೇಡ.

ಊರಿನ ನಾಡಬಂದೂಕಿನಲ್ಲಿ ಕೈ ಪಳಗಿಸಿಕೊಳ್ಳುವುದು ಮಾತ್ರ ಬೇಡವೇ ಬೇಡ. ಪರವಾನಗಿ ಇಲ್ಲದ ಬಂದೂಕು ಹಿಡಿದು ಪ್ರಕರಣ ದಾಖಲಾದರೆ ಪೊಲೀಸ್ ಪರಿಶೀಲನೆಯಲ್ಲೇ ಸೇನೆಯ ಕನಸು ಮುಗಿಯುತ್ತದೆ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿಯಿದೆ; ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿಯೂ ನಡೆಯುತ್ತದೆ. ಆ ಪರಂಪರೆ ಉಳಿದ ಜಿಲ್ಲೆಗಳಿಗಿಲ್ಲ.

ಅಲ್ಲಿ ನೆರವಿಗೆ ಬರುವುದು ಎನ್‌ಸಿಸಿ ಮತ್ತು ಏರ್ ರೈಫಲ್. ಎನ್‌ಸಿಸಿ ಕೆಡೆಟ್‌ಗಳಿಗೆ .22 ರೈಫಲ್ ಹಿಡಿಯುವ ಅವಕಾಶ ಸಿಗುತ್ತದೆ. .177 ಬೋರಿನ, 20 ಜೌಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್‌ಗೆ 2016ರ ನಿಯಮಗಳ ಪ್ರಕಾರ ಪರವಾನಗಿ ಬೇಕಿಲ್ಲ. ಹತ್ತು ಮೀಟರ್ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆ ಕೇವಲ ಅರ್ಧ ಮಿಲಿಮೀಟರ್. ಬೆರಳಿನ ಸಣ್ಣ ತಪ್ಪನ್ನೂ ಅದು ಮುಚ್ಚಿಡುವುದಿಲ್ಲ.

ಏನೂ ಕಲಿಯದೆ ಬಂದವನೇ ವಾಸಿ, ಅರೆಬರೆ ಕಲಿತವನ ಚಾಳಿ ಬಿಡಿಸುವುದೇ ಕಷ್ಟ ಎಂಬ ವಾದವೂ ಇದೆ. ಅದರಲ್ಲಿ ಹುರುಳಿದೆ. ಆದ್ದರಿಂದಲೇ ಈ ತಯಾರಿ ಬಲ್ಲವರ ಕಣ್ಣೆದುರೇ ನಡೆಯಬೇಕು. ಹಿಂದುಳಿದ ವರ್ಗಗಳ ಯುವಕರಿಗೆ ರಾಜ್ಯ ಸರ್ಕಾರ ಸೇನಾ ಪೂರ್ವ ತರಬೇತಿ ಕೊಡುತ್ತಿದೆ. ನಿವೃತ್ತ ಸೈನಿಕರಿಗೆ ನಮ್ಮಲ್ಲಿ ಬರವಿಲ್ಲ. ಆ ಶಿಬಿರಗಳ ವೇಳಾಪಟ್ಟಿಯಲ್ಲಿ ವಾರಕ್ಕೆರಡು ತಾಸು ಭಂಗಿ, ಉಸಿರು, ಸುರಕ್ಷತೆಯ ಪಾಠಕ್ಕೆ ಮೀಸಲಿಟ್ಟು, ಅದನ್ನು ಮಾಜಿ ಸೈನಿಕರ ಕೈಗೊಪ್ಪಿಸಿ, ಜಿಲ್ಲೆಗೊಂದು ಏರ್ ರೈಫಲ್ ರೇಂಜ್ ಕೊಟ್ಟರೆ ಸಾಕು. ಆಯ್ಕೆಯಾಗದೆ ಉಳಿದವರಿಗೂ ಅದು ಕ್ರೀಡೆಯ ಒಂದು ದಾರಿಯಾದೀತು.