ಮೆಕ್ಯಾನಿಕ್ ಹೇಳಿದರೂ ಕೇಳದ ಗಿರಾಕಿಗಳು

ಕೋಠಿ, ಸುಲ್ತಾನ್ ಬಜಾರ್, ಪುತಲಿಬೌಲಿ ಪರಿಸರದ ಗಲ್ಲಿಗಳಲ್ಲಿ ಬೈಕ್ ರಿಪೇರಿ ಮಾಡುವವರಿಗೆ ತೆಲುಗು, ದಖ್ಖನಿ ಉರ್ದು ಎರಡೂ ಬರುತ್ತವೆ. ಬೀದರ್, ಕಲಬುರಗಿ ಕಡೆಯ ಗಿರಾಕಿಗಳಿಂದಾಗಿ ನಾಲ್ಕು ಮಾತು ಕನ್ನಡವೂ ಬರುತ್ತದೆ. ಅವರು ಹೆಚ್ಚಾಗಿ ಕೇಳುವ ಕನ್ನಡ ವಾಕ್ಯವೆಂದರೆ, “ಇನ್ನಾ ಓಡ್ಲಕತ್ತದಲ್ಲ ಉಸ್ತಾದ್, ಮುಂದಿನ ತಿಂಗಳ ನೋಡಮು.”

ಆ ಮುಂದಿನ ತಿಂಗಳು ಬರುವುದೇ ಇಲ್ಲ ಎಂಬುದು ಮೆಕ್ಯಾನಿಕ್‌ಗಳ ಅಳಲು. ಹಿಂದಿನ ಚಕ್ರದ ಬ್ರೇಕ್ ಶೂ ಸವೆದಿದೆ, ಬದಲಿಸಿ ಎಂದರೆ ಗಿರಾಕಿ ರಾಡಿನ ನಟ್ಟನ್ನು ಎರಡು ಸುತ್ತು ಬಿಗಿ ಮಾಡಿಸಿಕೊಂಡು ಹೋಗುತ್ತಾನೆ. ಪೆಡಲ್ ಮತ್ತೆ ಗಟ್ಟಿಯಾಗುತ್ತದೆ, ಬ್ರೇಕ್ ಸರಿಯಾಯಿತು ಎಂಬ ಭ್ರಮೆ ಹುಟ್ಟುತ್ತದೆ. ಒಳಗಿನ ಲೈನಿಂಗ್ ಮಾತ್ರ ಮುಗಿಯುತ್ತಲೇ ಇರುತ್ತದೆ. ಅನೇಕ ಬೈಕುಗಳ ಡ್ರಮ್ ಬಳಿ ಒಂದು ಬಾಣದ ಗುರುತಿರುತ್ತದೆ. ಪೆಡಲನ್ನು ಪೂರ್ತಿ ಒತ್ತಿದಾಗ ಆ ಬಾಣ ಎದುರಿನ ಗೆರೆಗೆ ತಾಗಿದರೆ ಶೂ ಆಯುಷ್ಯ ಮುಗಿದಂತೆ. ಇದನ್ನು ನೋಡಲು ಯಾವ ಉಸ್ತಾದನೂ ಬೇಕಿಲ್ಲ.

ಚೈನಿನದೂ ಇದೇ ಕಥೆ. ಚೈನು ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಸೆಟ್ ಆಗಿಯೇ ಹಾಕಿಸಬೇಕೆಂದು ಮೆಕ್ಯಾನಿಕ್ ಹೇಳಿದರೆ, ಬರೀ ಚೈನು ಸಾಕೆಂದು ಚೌಕಾಶಿ. ಸವೆದ ಹಲ್ಲುಗಳ ಮೇಲೆ ಕೂತ ಹೊಸ ಚೈನು ಬೇಗನೆ ಹಾಳಾಗುತ್ತದೆ. ಆಗ ಬೈಗುಳ ಮಾತ್ರ ಮೆಕ್ಯಾನಿಕ್ ಪಾಲಿಗೆ.

2020ರ ಅಕ್ಟೋಬರ್ ಮಳೆಯಲ್ಲಿ ನಗರದ ಅನೇಕ ಬಡಾವಣೆಗಳು ಜಲಾವೃತವಾಗಿ ಸಾವಿರಾರು ವಾಹನಗಳು ಮುಳುಗಿದ್ದನ್ನು ಓದುಗರು ಮರೆತಿರಲಾರರು. ನೀರು ನುಗ್ಗಿದ ಗಾಡಿಯನ್ನು ಸ್ಟಾರ್ಟ್ ಮಾಡದೆ ತಳ್ಳಿಕೊಂಡು ಬನ್ನಿ ಎಂಬುದು ಈ ಕಸುಬಿನವರ ಮೊದಲ ಪಾಠ. ಸಿಲಿಂಡರಿನೊಳಗಿನ ನೀರು ಗಾಳಿಯಂತೆ ಅದುಮಿಕೊಳ್ಳುವುದಿಲ್ಲ. ಕಿಕ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೂ ಬದಲಿಸದೆ ಓಡಿಸುವವರಿಗೆ ಏನು ಹೇಳೋಣ? ಒಂದು ಲೀಟರ್ ಆಯಿಲಿನ ದುಡ್ಡು ಉಳಿಸಲು ಹೋಗಿ ಇಡೀ ಇಂಜಿನ್ ಬಿಚ್ಚಿಸುವುದು ಜಾಣತನವಲ್ಲ.

ಗಿರಾಕಿಗಳ ಸಂಶಯಕ್ಕೂ ಕಾರಣವಿಲ್ಲದಿಲ್ಲ. ಚೆನ್ನಾಗಿರುವ ಭಾಗವನ್ನು ಬದಲಿಸುವ, ಡೂಪ್ಲಿಕೇಟ್ ಸಾಮಾನು ಹಾಕಿ ಒರಿಜಿನಲ್ ಬೆಲೆ ಕೀಳುವ ಮಂದಿ ಈ ಕಸುಬಿನಲ್ಲಿಯೂ ಇದ್ದಾರೆ. ಅವರಿಂದಾಗಿ ಪ್ರಾಮಾಣಿಕರ ಮಾತಿಗೂ ಬೆಲೆ ಇಲ್ಲದಂತಾಗಿರುವುದು ಖೇದಕರ. ಕಳಚಿದ ಹಳೆಯ ಭಾಗವನ್ನು ಗಿರಾಕಿಯ ಕೈಗೇ ಕೊಡುವ ಪದ್ಧತಿ ಪ್ರತಿ ಅಂಗಡಿಯಲ್ಲಿ ಬಂದರೆ ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ.

ಉಳಿದರ್ಧಕ್ಕೆ ಒಂದು ಚೀಟಿ ಸಾಕು. ಕಂಪನಿ ಸರ್ವಿಸ್ ಸೆಂಟರುಗಳಲ್ಲಿ ಜಾಬ್ ಕಾರ್ಡ್ ಇರುವಂತೆ, ಗಲ್ಲಿಯ ಮೆಕ್ಯಾನಿಕ್ ಕೂಡ “ಬ್ರೇಕ್ ಶೂ ಸವೆದಿದೆ, ಬದಲಿಸಲು ತಿಳಿಸಿದೆ” ಎಂದು ತಾರೀಖು ಹಾಕಿ ಬರೆದು, ಸಹಿ ಪಡೆದು ಒಂದು ಪ್ರತಿ ಇಟ್ಟುಕೊಳ್ಳಲಿ. ಮುಂದೆ ಅವಘಡವಾದರೆ ತಾನು ಎಚ್ಚರಿಸಿದ್ದೆನೆಂದು ತೋರಿಸಲು ಬಡ ಮೆಕ್ಯಾನಿಕ್‌ಗೆ ಬೇರೆ ಆಧಾರವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನ ಪ್ರಕಾರ, ತಿಳಿದಿದ್ದ ಅಥವಾ ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದ ಅಪಾಯಕಾರಿ ದೋಷವಿರುವ ವಾಹನವನ್ನು ಓಡಿಸುವುದು ಅಪರಾಧ. 2019ರ ತಿದ್ದುಪಡಿಯ ಬಳಿಕ ದಂಡ 1,500 ರೂಪಾಯಿವರೆಗೆ. ಅದರಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೆಕ್ಯಾನಿಕ್ ಬಾಯಿಬಿಟ್ಟು ಹೇಳಿದ ಮೇಲೆ “ಗೊತ್ತಿರಲಿಲ್ಲ” ಎನ್ನಲು ದಾರಿಯೆಲ್ಲಿ?

ಈ ಮಾತು ಇಲ್ಲಿನ ಕನ್ನಡಿಗರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಎಳ್ಳ ಅಮಾವಾಸ್ಯೆ ಬಂತೆಂದರೆ ಹೊಲಕ್ಕೆ ಚರಗ ಚೆಲ್ಲಲು ಊರಿಗೆ ಹೊರಡುವ ಯುವಕರು ಹೆಂಡತಿ, ಮಗು, ಚೀಲ ಎಲ್ಲವನ್ನೂ ಒಂದೇ ಬೈಕಿನ ಮೇಲೆ ಹೇರಿಕೊಂಡು ಜಹೀರಾಬಾದ್ ದಾರಿ ಹಿಡಿಯುತ್ತಾರೆ. ಬೀದರ್‌ಗೆ ಸುಮಾರು 140 ಕಿ.ಮೀ., ಹೆದ್ದಾರಿಯ ತುಂಬ ಲಾರಿಗಳು. ಕೋಠಿಯ ಸಂದಣಿಯಲ್ಲಿ ಇಪ್ಪತ್ತರ ವೇಗಕ್ಕೆ ನಿಲ್ಲುವ ಬ್ರೇಕು ಅಲ್ಲಿ ಎಪ್ಪತ್ತರ ವೇಗಕ್ಕೆ ನಿಲ್ಲದು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂತಹ ಸಂಸ್ಥೆಗಳು ಹಬ್ಬಕ್ಕೆ ಹದಿನೈದು ದಿನ ಮೊದಲು ಇಬ್ಬರು ಅನುಭವಿ ಮೆಕ್ಯಾನಿಕ್‌ಗಳನ್ನು ಕರೆಸಿ ಒಂದು ಭಾನುವಾರ ತಪಾಸಣೆ ಏರ್ಪಡಿಸಿದರೆ ಖರ್ಚೇನೂ ಹೆಚ್ಚಾಗದು. ಹೊರಡುವ ಹಿಂದಿನ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಬಂದು “ಅರ್ಧ ತಾಸಿನಾಗ ಮಾಡಿಕೊಡು” ಎಂದರೆ, ಡ್ರಮ್ ಬಿಚ್ಚಿ ನೋಡಲು ಯಾವ ಉಸ್ತಾದನಿಗೂ ವೇಳೆ ಸಿಗುವುದಿಲ್ಲ.