ಮುಂಬಡ್ತಿಯಲ್ಲಿ ಮೀಸಲಾತಿ: ಎಣಿಕೆ ಯಾವ ಮೆಟ್ಟಿಲಿನಲ್ಲಿ? – ಕೋಲಾರ ಚಿನ್ನದ ಗಣಿ ಪ್ರದೇಶದಿಂದ ಒಂದು ನೋಟ

ಕರ್ನಾಟಕ ರಾಜ್ಯದ ನಾಗರಿಕ ಸೇವೆಗಳಲ್ಲಿ ಪರಿಶಿಷ್ಟ ಜಾತಿಯವರಿಗೆ ಶೇ. 15 ಹಾಗೂ ಪರಿಶಿಷ್ಟ ಪಂಗಡದವರಿಗೆ ಶೇ. 3ರಂತೆ ಮುಂಬಡ್ತಿಯಲ್ಲಿ ಮೀಸಲಾತಿ ಕಲ್ಪಿಸಿದ ಸರ್ಕಾರಿ ಆದೇಶವು 1978ರ ಏಪ್ರಿಲ್ 27ರಂದು ಹೊರಬಿದ್ದಿತು. ಅಂದಿನಿಂದ ಇಂದಿನವರೆಗೆ ಈ ವಿಷಯವು ನ್ಯಾಯಾಲಯಗಳ, ಶಾಸನಸಭೆಯ ಹಾಗೂ ನೌಕರರ ಸಂಘಟನೆಗಳ ಮುಂದೆ ಮತ್ತೆ ಮತ್ತೆ ಬಂದಿದೆ. ಮೀಸಲಾತಿ ಇರಬೇಕೇ ಬೇಡವೇ ಎಂಬುದೇ ವಿವಾದವೆಂದು ಸಾರ್ವಜನಿಕರಲ್ಲಿ ಅನೇಕರು ಭಾವಿಸಿದ್ದಾರೆ. ತೀರ್ಪುಗಳನ್ನು ಕ್ರಮವಾಗಿ ಓದಿದರೆ ಬೇರೊಂದು ಪ್ರಶ್ನೆ ಎದ್ದು ಕಾಣುತ್ತದೆ. ಪ್ರಾತಿನಿಧ್ಯವು ಸಾಲದು ಅಥವಾ ಸಾಕು ಎಂದು ತೀರ್ಮಾನಿಸಲು ನೌಕರರನ್ನು ಎಲ್ಲಿ ನಿಂತು ಎಣಿಸಬೇಕು? ಇಡೀ ಇಲಾಖೆಯಲ್ಲಿಯೇ, ಗುಂಪಿನಲ್ಲಿಯೇ, ಅಥವಾ ಒಂದೊಂದು ವೃಂದದಲ್ಲಿಯೇ? ಈ ಪ್ರಶ್ನೆಯ ತೂಕವನ್ನು ಅರಿಯಲು ಕೋಲಾರ ಜಿಲ್ಲೆಯ ಕೆ.ಜಿ.ಎಫ್. ಮತ್ತು ಬಂಗಾರಪೇಟೆಗಳಿಗಿಂತ ಸೂಕ್ತವಾದ ಸ್ಥಳ ರಾಜ್ಯದಲ್ಲಿ ಸಿಗುವುದು ಕಷ್ಟ.

2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರ ಪಾಲು ಶೇ. 17ಕ್ಕೆ ತುಸು ಹೆಚ್ಚು. ಕೋಲಾರ ಜಿಲ್ಲೆಯಲ್ಲಿ ಅದು ಶೇ. 30ನ್ನು ಮೀರುತ್ತದೆ. ಕೋಲಾರ ಲೋಕಸಭಾ ಕ್ಷೇತ್ರವೂ ಕೆ.ಜಿ.ಎಫ್., ಬಂಗಾರಪೇಟೆ, ಮುಳಬಾಗಿಲು ವಿಧಾನಸಭಾ ಕ್ಷೇತ್ರಗಳೂ ಪರಿಶಿಷ್ಟ ಜಾತಿಗೆ ಮೀಸಲಾಗಿವೆ. ಹಿಂದೆ ಬಂಗಾರಪೇಟೆ ತಾಲ್ಲೂಕಿನಲ್ಲಿಯೇ ಸೇರಿದ್ದ ಕೆ.ಜಿ.ಎಫ್. ಇಂದು ಪ್ರತ್ಯೇಕ ತಾಲ್ಲೂಕು.

ಗಣಿಯಲ್ಲಿದ್ದ ಏಣಿ

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಇಲ್ಲಿನ ಗಣಿಗಾರಿಕೆಯನ್ನು ಕೈಗೆತ್ತಿಕೊಂಡಿತು. ಮೈಸೂರು, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಎಂಬ ನಾಲ್ಕು ಪ್ರಮುಖ ಗಣಿಗಳು ಬೆಳೆದವು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಹರಿದು ಬಂದ ಸಂಗತಿ ಶಾಲಾ ಪಠ್ಯಗಳಲ್ಲಿದೆ. ಅದೇ ಗಣಿಯೊಳಗೆ ಯಾರು ಯಾವ ಕೆಲಸ ಮಾಡುತ್ತಿದ್ದರೆಂಬುದು ಅಷ್ಟಾಗಿ ಪಠ್ಯಗಳನ್ನು ಸೇರಿಲ್ಲ. ಭೂಗತ ಕೆಲಸದ ಬಹುಪಾಲನ್ನು ನಿರ್ವಹಿಸಿದವರು ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಸೀಮೆಗಳಿಂದ ವಲಸೆ ಬಂದ ತಮಿಳು ಭಾಷಿಕ ದಲಿತ ಕುಟುಂಬಗಳವರು. ಮೇಲ್ವಿಚಾರಣೆಯ ಹಾಗೂ ತಾಂತ್ರಿಕ ಹುದ್ದೆಗಳು ಬಹುತೇಕ ಯುರೋಪಿಯನ್ನರ ಮತ್ತು ಆಂಗ್ಲೋ ಇಂಡಿಯನ್ನರ ಕೈಯಲ್ಲಿದ್ದವು. ವಸತಿಯೂ ಈ ಶ್ರೇಣಿಯನ್ನೇ ಅನುಸರಿಸಿತ್ತು: ಬಂಗಲೆಗಳು ಒಂದು ಕಡೆ, ಕೂಲಿ ಲೈನುಗಳ ತಟ್ಟಿಗೋಡೆಯ ಮನೆಗಳು ಇನ್ನೊಂದು ಕಡೆ. ಸುರಂಗದಲ್ಲಿ ಹತ್ತಾರು ವರ್ಷ ದುಡಿದ ಕಾರ್ಮಿಕನು ಸಾಮಾನ್ಯವಾಗಿ ಏರಬಹುದಾಗಿದ್ದ ಎತ್ತರವೆಂದರೆ ಮೇಸ್ತ್ರಿ.

ಅಂದು ಯಾರಾದರೂ ಗಣಿಯ ಒಟ್ಟು ನೌಕರರನ್ನು ಜಾತಿವಾರು ಎಣಿಸಿದ್ದರೆ ದಲಿತರ ಪ್ರಾತಿನಿಧ್ಯವು ಅವರ ಜನಸಂಖ್ಯೆಗಿಂತ ಎಷ್ಟೋ ಹೆಚ್ಚೆಂದು ಕಂಡುಬರುತ್ತಿತ್ತು. ಲೆಕ್ಕ ತಪ್ಪಾಗಿರುತ್ತಿರಲಿಲ್ಲ. ಆ ಲೆಕ್ಕದಿಂದ ಹೊರಡುವ ತೀರ್ಮಾನ ಮಾತ್ರ ಸಂಪೂರ್ಣ ತಪ್ಪಾಗಿರುತ್ತಿತ್ತು.

ಈ ವ್ಯತ್ಯಾಸವು ಮೈಸೂರು ಸಂಸ್ಥಾನದ ಆಡಳಿತಕ್ಕೆ ತಿಳಿಯದೇ ಇರಲಿಲ್ಲ. 1918ರಲ್ಲಿ ನೇಮಕಗೊಂಡ ಸರ್ ಲೆಸ್ಲಿ ಮಿಲ್ಲರ್ ಸಮಿತಿಯು ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಭಾಗದಷ್ಟು ಬ್ರಾಹ್ಮಣೇತರರಿಗೆ ದೊರೆಯಬೇಕೆಂದು ಶಿಫಾರಸು ಮಾಡಿದಾಗ, ಆ ಪ್ರಮಾಣವನ್ನು ಸೇವೆಯ ಪ್ರತಿಯೊಂದು ದರ್ಜೆಗೂ ಅನ್ವಯಿಸುವಂತೆ ಹೇಳಿತು. ದರ್ಜೆವಾರು ಎಣಿಕೆ ಎಂಬುದು ಇತ್ತೀಚಿನ ನ್ಯಾಯಾಲಯಗಳ ಕಲ್ಪನೆಯಲ್ಲ. ನೂರು ವರ್ಷಗಳಿಗೂ ಹಿಂದೆ ಇದೇ ನೆಲದಲ್ಲಿ ಬರೆದಿಟ್ಟ ಮಾತು. ಅದು ಸರ್ಕಾರಿ ಕಚೇರಿಗಳಿಗೆ ಸಂಬಂಧಿಸಿದ್ದಾಗಿತ್ತು, ಗಣಿ ಕಂಪನಿಗಳನ್ನು ಮುಟ್ಟಲಿಲ್ಲ.

1956ರಲ್ಲಿ ಗಣಿಗಳು ಮೈಸೂರು ರಾಜ್ಯದ ವಶಕ್ಕೂ 1962ರಲ್ಲಿ ಕೇಂದ್ರ ಸರ್ಕಾರದ ವಶಕ್ಕೂ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ರಚನೆಯಾಯಿತು. 1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್, ಅಂದರೆ ಬೆಮೆಲ್, ಸಂಸ್ಥೆಯ ದೊಡ್ಡ ಕಾರ್ಖಾನೆಯೂ ಇದೇ ಊರಿನಲ್ಲಿ ತಲೆಯೆತ್ತಿತು. ಸಾರ್ವಜನಿಕ ಉದ್ಯಮಗಳಾದ ಕಾರಣ ಇವೆರಡಕ್ಕೂ ನೇಮಕಾತಿಯ ಮತ್ತು ಮುಂಬಡ್ತಿಯ ರೋಸ್ಟರ್ ಅನ್ವಯವಾಯಿತು. ಗಣಿ ಕಾರ್ಮಿಕರ ಮಕ್ಕಳಿಗೆ ಮೇಸ್ತ್ರಿಗಿಂತ ಮೇಲಿನ ಮೆಟ್ಟಿಲು ಕಾಗದದ ಮೇಲಾದರೂ ಹಕ್ಕಿನ ರೂಪದಲ್ಲಿ ಕಂಡದ್ದು ಈ ಕಾಲದಲ್ಲಿ.

ಬಂಗಾರಪೇಟೆಯ ಹಳಿಗಳು

ಮುಂಬಡ್ತಿಯ ಮೀಸಲಾತಿಯ ಮೊದಲ ದೊಡ್ಡ ಮೊಕದ್ದಮೆ ಹುಟ್ಟಿದ್ದು ರೈಲ್ವೆಯಲ್ಲಿ. ಬಂಗಾರಪೇಟೆ ಜಂಕ್ಷನ್ ಅಂದು ದಕ್ಷಿಣ ರೈಲ್ವೆಗೆ ಸೇರಿತ್ತು. ನೈಋತ್ಯ ರೈಲ್ವೆ ವಲಯವಾದದ್ದು 2003ರಲ್ಲಿ. ರೈಲ್ವೆ ಮಂಡಳಿಯು 1959ರಲ್ಲಿ ಆಯ್ಕೆಯ ಮೂಲಕ ತುಂಬುವ ಮುಂಬಡ್ತಿ ಹುದ್ದೆಗಳಲ್ಲಿ ಮೀಸಲಾತಿ ಪಾಲಿಸಬೇಕೆಂದು ಸುತ್ತೋಲೆ ಹೊರಡಿಸಿತು. ಅದನ್ನು ಪ್ರಶ್ನಿಸಿದ 'ದಕ್ಷಿಣ ರೈಲ್ವೆ ಮಹಾಪ್ರಬಂಧಕರು ವಿರುದ್ಧ ರಂಗಾಚಾರಿ' ಪ್ರಕರಣದಲ್ಲಿ, 1961ರ ಏಪ್ರಿಲ್‌ನಲ್ಲಿ, ಸರ್ವೋಚ್ಚ ನ್ಯಾಯಾಲಯವು ಮೂರು–ಎರಡರ ಬಹುಮತದಿಂದ ಸುತ್ತೋಲೆಯನ್ನು ಎತ್ತಿಹಿಡಿಯಿತು. ಸಂವಿಧಾನದ 16(4)ನೇ ವಿಧಿಯ 'ಹುದ್ದೆಗಳು' ಎಂಬ ಪದವು ಆಯ್ಕೆಯ ಮೂಲಕ ಏರುವ ಹುದ್ದೆಗಳನ್ನೂ ಒಳಗೊಳ್ಳುತ್ತದೆ ಎಂಬುದು ಬಹುಮತದ ನಿಲುವು. ಕೆಳಗಿನ ಸ್ಥಾನಗಳಲ್ಲಿ ಮಾತ್ರ ಎಷ್ಟೇ ಮಂದಿ ಇದ್ದರೂ ಸೂಕ್ತ ಪ್ರಾತಿನಿಧ್ಯವಾಗದು ಎಂಬ ತಿಳಿವಳಿಕೆ ಅದರ ಹಿಂದೆ ಇತ್ತು.

ಈ ನಿಲುವು ಮೂವತ್ತು ವರ್ಷ ನಿಂತಿತು. 1992ರ ನವೆಂಬರ್‌ನ ಇಂದ್ರಾ ಸಾಹ್ನಿ ತೀರ್ಪು ಅದನ್ನು ಬದಲಿಸಿತು. 1995ರ 77ನೇ ತಿದ್ದುಪಡಿ 16(4ಎ) ವಿಧಿಯನ್ನು ಸೇರಿಸಿ ಪರಿಶಿಷ್ಟರಿಗೆ ಮುಂಬಡ್ತಿಯ ಮೀಸಲಾತಿಯನ್ನು ಉಳಿಸಿತು. ಅಷ್ಟರಲ್ಲಿ ವಿವಾದವು ಮೀಸಲಾತಿಯಿಂದ ಜ್ಯೇಷ್ಠತೆಗೆ ಹೊರಳಿತ್ತು. ಇದಕ್ಕೂ ವೇದಿಕೆ ರೈಲ್ವೆಯೇ. 1995ರ ವೀರಪಾಲ್ ಸಿಂಗ್ ಚೌಹಾಣ್ ಪ್ರಕರಣವು ಉತ್ತರ ರೈಲ್ವೆಯ ಗಾರ್ಡುಗಳದು. ಗಾರ್ಡು ಹುದ್ದೆಯಲ್ಲಿ 'ಸಿ', 'ಬಿ', 'ಎ', 'ಎ ವಿಶೇಷ' ಎಂಬ ದರ್ಜೆಗಳಿದ್ದವು. (2022ರಿಂದ ಈ ನೌಕರರಿಗೆ 'ಟ್ರೈನ್ ಮ್ಯಾನೇಜರ್' ಎಂಬ ಹೊಸ ಹೆಸರು ಬಂದಿದೆ, ಹೆಸರಿನ ಬದಲಾವಣೆಯಿಂದ ಜ್ಯೇಷ್ಠತೆಯ ಗಂಟು ಬಿಚ್ಚಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ.)

ಈ ಗಂಟನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ತಾಲ್ಲೂಕು ಕಚೇರಿಯೊಂದರಲ್ಲಿ ಇಬ್ಬರು ದ್ವಿತೀಯ ದರ್ಜೆ ಸಹಾಯಕರಿದ್ದಾರೆಂದು ಭಾವಿಸೋಣ. ಒಬ್ಬರು ಸಾಮಾನ್ಯ ವರ್ಗದವರು, 1990ರಲ್ಲಿ ಸೇವೆಗೆ ಸೇರಿದವರು. ಇನ್ನೊಬ್ಬರು ಪರಿಶಿಷ್ಟ ಜಾತಿಯವರು, 1994ರಲ್ಲಿ ಸೇರಿದವರು. ಪ್ರಥಮ ದರ್ಜೆ ಸಹಾಯಕರ ಹುದ್ದೆ ತೆರವಾದಾಗ ಅದು ರೋಸ್ಟರ್‌ನಲ್ಲಿ ಪರಿಶಿಷ್ಟ ಜಾತಿಯ ಬಿಂದು. ಎರಡನೆಯವರು ಮೊದಲು ಬಡ್ತಿ ಪಡೆಯುತ್ತಾರೆ. ಮೂರು ವರ್ಷಗಳ ಬಳಿಕ ಮೊದಲನೆಯವರಿಗೂ ಅದೇ ಬಡ್ತಿ ದೊರೆಯುತ್ತದೆ. ಈಗ ಶಿರಸ್ತೇದಾರರ ಹುದ್ದೆಗೆ ಇವರಿಬ್ಬರಲ್ಲಿ ಹಿರಿಯರು ಯಾರು? ಹಿಂದಿನ ಜ್ಯೇಷ್ಠತೆ ಮರಳಬೇಕು, ತಡವಾಗಿ ಬಂದವರು ಮುಂದಿದ್ದವರನ್ನು ಮತ್ತೆ ಹಿಂದಿಕ್ಕಬೇಕು ಎಂಬುದು ಒಂದು ವಾದ. ಮೇಲಿನ ಹುದ್ದೆಯಲ್ಲಿ ಮೂರು ವರ್ಷ ಕೆಲಸ ಮಾಡಿದವರೇ ಅಲ್ಲಿ ಹಿರಿಯರು ಎಂಬುದು ಇನ್ನೊಂದು. ಇದಕ್ಕೆ 'ತತ್ಪರಿಣಾಮದ ಜ್ಯೇಷ್ಠತೆ' ಎಂದು ಹೆಸರು.

ಎರಡೂ ವಾದಗಳಲ್ಲಿ ನೋವಿದೆ. ಮೊದಲನೆಯ ನೌಕರರು ತಮಗಿಂತ ತಡವಾಗಿ ಬಂದವರ ಕೈಕೆಳಗೆ ಕೆಲಸ ಮಾಡುತ್ತಾರೆ. ಮುಂದಿನ ಪ್ರತಿ ಮೆಟ್ಟಿಲಿನಲ್ಲೂ ಅದೇ ಅಂತರ ಬೆಳೆಯುತ್ತ ಹೋದರೆ ನಿವೃತ್ತಿಯ ಹೊತ್ತಿಗೆ ವೇತನದಲ್ಲೂ ಪಿಂಚಣಿಯಲ್ಲೂ ಅದು ಕಾಣುತ್ತದೆ. ಇದನ್ನು ಕೇವಲ ಅಸಹನೆಯೆಂದು ತಳ್ಳಿಹಾಕುವುದು ಸರಿಯಲ್ಲ. ಎರಡನೆಯವರ ಪಾಲಿಗೋ, ಪಡೆದ ಬಡ್ತಿ ಮುಂದಿನ ಬಾಗಿಲಿನ ಮುಂದೆ ಲೆಕ್ಕಕ್ಕಿಲ್ಲವೆಂದಾದರೆ ಏಣಿ ಒಂದೇ ಮೆಟ್ಟಿಲಿಗೆ ಮುಗಿದಂತೆ. ಗಣಿಯ ಮೇಸ್ತ್ರಿಯ ಸ್ಥಿತಿಯೂ ಹಾಗೆಯೇ ಇತ್ತು.

ತೀರ್ಪಿನಿಂದ ಶಾಸನಕ್ಕೆ, ಶಾಸನದಿಂದ ತೀರ್ಪಿಗೆ

ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ, ಮತ್ತೆ 1999ರ ಅಜಿತ್ ಸಿಂಗ್ ಪ್ರಕರಣದಲ್ಲಿ ಮೊದಲನೆಯ ವಾದವನ್ನು ಒಪ್ಪಿತು. 2000ದ ಡಿಸೆಂಬರ್‌ನಲ್ಲಿ ಬಡಪ್ಪನವರ್ ಪ್ರಕರಣದ ತೀರ್ಪು ಅದನ್ನು ಕರ್ನಾಟಕಕ್ಕೆ ಅನ್ವಯಿಸಿತು. ಸಂಸತ್ತು 85ನೇ ತಿದ್ದುಪಡಿಯ ಮೂಲಕ, 1995ರ ಜೂನ್ 17ರಿಂದ ಪೂರ್ವಾನ್ವಯವಾಗುವಂತೆ, ತತ್ಪರಿಣಾಮದ ಜ್ಯೇಷ್ಠತೆಯನ್ನು ಸಂವಿಧಾನಕ್ಕೆ ಸೇರಿಸಿತು. 2001ನೇ ಸಾಲಿನ ಈ ತಿದ್ದುಪಡಿಗೆ ಕೆ.ಜಿ.ಎಫ್.ನಲ್ಲಿ ಒಂದು ಕಹಿಯಾದ ಕಾಕತಾಳೀಯವಿದೆ. ಅದೇ ವರ್ಷದ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತ್ತು. ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಕೆಲಸದೊಡನೆ ಅವರ ಜ್ಯೇಷ್ಠತಾ ಪಟ್ಟಿಯೂ ಕೊನೆಗೊಂಡಿತ್ತು.

ರಾಜ್ಯವು 2002ರಲ್ಲಿ ಜ್ಯೇಷ್ಠತಾ ನಿರ್ಣಯ ಅಧಿನಿಯಮವನ್ನು ತಂದಿತು. 2006ರ ಎಂ. ನಾಗರಾಜ್ ತೀರ್ಪು ಸಂವಿಧಾನದ ತಿದ್ದುಪಡಿಗಳನ್ನು ಎತ್ತಿಹಿಡಿಯಿತಾದರೂ, ಹಿಂದುಳಿದಿರುವಿಕೆ, ಪ್ರಾತಿನಿಧ್ಯದ ಕೊರತೆ, ಆಡಳಿತದ ದಕ್ಷತೆ ಇವುಗಳ ಬಗ್ಗೆ ರಾಜ್ಯವು ಅಳೆಯಬಹುದಾದ ಅಂಕಿ-ಅಂಶ ಒದಗಿಸಬೇಕೆಂದು ಷರತ್ತು ಹಾಕಿತು. 2002ರ ಅಧಿನಿಯಮದ ಹಿಂದೆ ಅಂತಹ ಅಧ್ಯಯನವಿರಲಿಲ್ಲ. 2017ರ ಫೆಬ್ರವರಿ 9ರಂದು ಬಿ.ಕೆ. ಪವಿತ್ರ ಪ್ರಕರಣದಲ್ಲಿ ಅದರ ಮುಖ್ಯ ಕಲಮುಗಳು ರದ್ದಾದವು. ಜ್ಯೇಷ್ಠತಾ ಪಟ್ಟಿಗಳನ್ನು ಪರಿಷ್ಕರಿಸಲು ಮೂರು ತಿಂಗಳ ಗಡುವು ದೊರೆಯಿತು.

ಆಗ ರಾಜ್ಯವು ಮಾಡಬೇಕಾಗಿದ್ದ ಕೆಲಸ ಎಣಿಕೆ. ಅಪರ ಮುಖ್ಯ ಕಾರ್ಯದರ್ಶಿಯಾಗಿದ್ದ ಕೆ. ರತ್ನಪ್ರಭಾ ಅವರ ಸಮಿತಿಯು ಇಲಾಖೆಗಳಿಂದ ಹಲವು ವರ್ಷಗಳ ಮಾಹಿತಿ ಸಂಗ್ರಹಿಸಿ 2017ರ ಮೇ ತಿಂಗಳಲ್ಲಿ ವರದಿ ಸಲ್ಲಿಸಿತು. ಅದರ ಆಧಾರದ ಮೇಲೆ ರೂಪುಗೊಂಡ ಹೊಸ ವಿಧೇಯಕಕ್ಕೆ 2018ರ ಜೂನ್ 14ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಈ ನಡುವೆ ಪರಿಷ್ಕೃತ ಪಟ್ಟಿಗಳ ಪರಿಣಾಮವಾಗಿ ಹಲವು ಇಲಾಖೆಗಳಲ್ಲಿ 'ಹಿಂಬಡ್ತಿ' ಎಂಬ ಪದ ನಿತ್ಯದ ಮಾತಾಯಿತು. 2019ರ ಮೇ 10ರಂದು ಎರಡನೆಯ ಪವಿತ್ರ ತೀರ್ಪು 2018ರ ಅಧಿನಿಯಮವನ್ನು ಎತ್ತಿಹಿಡಿದಾಗ ಹಿಂದಿನ ಸ್ಥಾನಗಳನ್ನು ಮರಳಿ ಕೊಡುವ ಕಾರ್ಯ ಮೊದಲಾಯಿತು. ಎರಡು ವರ್ಷಗಳಲ್ಲಿ ಒಂದೇ ಕುರ್ಚಿಯಿಂದ ಇಳಿದು ಮತ್ತೆ ಏರಿದವರೂ, ಏರಿ ಮತ್ತೆ ಇಳಿದವರೂ ಇದ್ದರು. ಅಂಕಿ-ಅಂಶವನ್ನು 2002ರಲ್ಲಿಯೇ ಕಲೆಹಾಕಿದ್ದರೆ ಎರಡೂ ಕಡೆಯ ನೌಕರರಿಗೆ ಈ ಪಾಡು ಬರುತ್ತಿರಲಿಲ್ಲವೆಂದು ಹೇಳುವುದು ಅನ್ಯಾಯದ ಮಾತಾಗಲಾರದು.

ಎರಡನೆಯ ಪವಿತ್ರ ತೀರ್ಪಿನ ಒಂದು ಭಾಗ ಗಮನಾರ್ಹ. ಆಡಳಿತದ ದಕ್ಷತೆಯನ್ನು ಪರೀಕ್ಷೆಯ ಅಂಕಗಳಿಂದಷ್ಟೇ ಅಳೆಯಲಾಗದು, ಸಮಾಜದ ವೈವಿಧ್ಯವನ್ನು ಪ್ರತಿಬಿಂಬಿಸುವ ಆಡಳಿತವೂ ದಕ್ಷತೆಯ ಅಂಗವೇ ಎಂದು ನ್ಯಾಯಾಲಯ ಹೇಳಿತು. ಆದರೆ ಅಂಕಿಗಳನ್ನು 'ಎ', 'ಬಿ', 'ಸಿ', 'ಡಿ' ಗುಂಪುವಾರು ಕಲೆಹಾಕಿದ್ದನ್ನೂ ಅದು ಒಪ್ಪಿತು. 2022ರ ಜನವರಿ 28ರ ಜರ್ನೈಲ್ ಸಿಂಗ್ ತೀರ್ಪು ಇಲ್ಲಿಯೇ ತಕರಾರು ತೆಗೆಯಿತು: ಎಣಿಕೆಯ ಘಟಕ ವೃಂದವೇ ಹೊರತು ಗುಂಪಲ್ಲ, ಗುಂಪುವಾರು ಅಂಕಿಗಳನ್ನು ಒಪ್ಪಿದ್ದು ಹಿಂದಿನ ತೀರ್ಪುಗಳಿಗೆ ವಿರುದ್ಧ.

ಈ ನಿಲುವನ್ನು ಮೀಸಲಾತಿಗೆ ಒಡ್ಡಿದ ಅಡ್ಡಿಯೆಂದು ಕೆಲವರು ಕಂಡರು. ಕೆಲಸದ ಹೊರೆ ಹೆಚ್ಚಿತೆಂಬುದು ನಿಜ. ಆದರೆ ಒಂದೇ ಗುಂಪಿನೊಳಗೆ ಹತ್ತಾರು ವೃಂದಗಳಿರುತ್ತವೆ, ಪ್ರವೇಶದ ಹುದ್ದೆಯೂ ಅದರ ಮೇಲಿನ ಹುದ್ದೆಗಳೂ ಒಂದೇ ಗುಂಪಿನಲ್ಲಿರಬಹುದು. ಕೆಳಗಿನ ವೃಂದದ ಹೆಚ್ಚಳವು ಮೇಲಿನ ವೃಂದದ ಶೂನ್ಯವನ್ನು ಮುಚ್ಚಿಹಾಕಬಲ್ಲದು. ಅಂತೆಯೇ, ಪ್ರಮಾಣ ಈಗಾಗಲೇ ತುಂಬಿರುವ ವೃಂದದಲ್ಲಿ ಸಾಮಾನ್ಯ ವರ್ಗದ ನೌಕರರನ್ನು ವೃಥಾ ಕಾಯಿಸುವುದೂ ವೃಂದವಾರು ಲೆಕ್ಕದಿಂದ ತಪ್ಪುತ್ತದೆ. ಪ್ರಾತಿನಿಧ್ಯವು ಶೇ. 15 ಮತ್ತು ಶೇ. 3 ತಲುಪಿದಲ್ಲಿ ಮುಂಬಡ್ತಿಯ ಮೀಸಲಾತಿಯನ್ನು ನಿಲ್ಲಿಸಬೇಕೆಂದು 1999ರ ಏಪ್ರಿಲ್ 13ರ ಸರ್ಕಾರಿ ಆದೇಶವೇ ಹೇಳಿತ್ತು. ಎಲ್ಲಿ ತುಂಬಿದೆ, ಎಲ್ಲಿ ತುಂಬಿಲ್ಲ ಎಂಬುದು ತಿಳಿಯದೆ ಆ ಆದೇಶವನ್ನು ಪ್ರಾಮಾಣಿಕವಾಗಿ ಪಾಲಿಸುವುದಾದರೂ ಹೇಗೆ? 2024ರ ಆಗಸ್ಟ್ 1ರ ದವಿಂದರ್ ಸಿಂಗ್ ತೀರ್ಪಿನ ಬಳಿಕ ಇದೇ ಪ್ರಶ್ನೆ ಪರಿಶಿಷ್ಟ ಜಾತಿಗಳ ಒಳಗೂ ಎದ್ದಿದೆ.

ಏಣಿಯೇ ಇಲ್ಲದ ಕಡೆ

ಗಣಿ ಮುಚ್ಚಿದ ನಂತರ ಕೆ.ಜಿ.ಎಫ್.ನ ಸಾವಿರಾರು ಜನರು ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲುಗಳನ್ನು ಹಿಡಿದು ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಬದುಕಿಗೆ ಹೊಂದಿಕೊಂಡರು. ಅವರಲ್ಲಿ ಬಹುಮಂದಿಯ ದುಡಿಮೆ ಖಾಸಗಿ ಸಂಸ್ಥೆಗಳಲ್ಲಿ ಅಥವಾ ಗುತ್ತಿಗೆಯಲ್ಲಿ. ಅಲ್ಲಿ ರೋಸ್ಟರ್ ಇಲ್ಲ. ಬೆಮೆಲ್‌ನಲ್ಲಿ ತನಗಿರುವ ಷೇರುಗಳ ಪೈಕಿ ಶೇ. 26ನ್ನು ಆಡಳಿತ ನಿಯಂತ್ರಣದೊಡನೆ ಮಾರಲು ಕೇಂದ್ರ ಸರ್ಕಾರವು 2021ರ ಜನವರಿಯಲ್ಲಿ ಆಸಕ್ತರನ್ನು ಆಹ್ವಾನಿಸಿದಾಗ ಊರಿನಲ್ಲಿ ಎದ್ದ ಆತಂಕದಲ್ಲಿ ಈ ಅಂಶವೂ ಸೇರಿತ್ತು: ಉದ್ಯಮ ಖಾಸಗಿಯವರ ಕೈ ಸೇರಿದರೆ ಮುಂಬಡ್ತಿಯ ಮೀಸಲಾತಿ ಅಲ್ಲಿ ಉಳಿಯುವುದಿಲ್ಲ.

ಸರ್ಕಾರಿ ಕಚೇರಿಗಳಲ್ಲೂ ಕೆಳಹಂತದ ಕೆಲಸಗಳು ಹೊರಗುತ್ತಿಗೆಗೆ ಸರಿಯುತ್ತಿವೆ. ರಾಜ್ಯ ಸರ್ಕಾರವು 2024ರಲ್ಲಿ ಹೊರಗುತ್ತಿಗೆಯ ನೇಮಕದಲ್ಲಿಯೂ ಮೀಸಲಾತಿ ಪಾಲಿಸಬೇಕೆಂದು ಆದೇಶಿಸಿತು. ಒಳಬರುವ ಬಾಗಿಲಿಗೆ ಸಂಬಂಧಿಸಿದಂತೆ ಅದು ಮುಖ್ಯವಾದ ಹೆಜ್ಜೆ. ಆದರೆ ಹೊರಗುತ್ತಿಗೆಯ ನೌಕರರಿಗೆ ವೃಂದವಿಲ್ಲ, ಜ್ಯೇಷ್ಠತಾ ಪಟ್ಟಿಯಿಲ್ಲ. ಹತ್ತು ವರ್ಷ ಅದೇ ಮೇಜಿನ ಮುಂದೆ ಕುಳಿತ ಡೇಟಾ ಎಂಟ್ರಿ ಆಪರೇಟರ್ ಹನ್ನೊಂದನೆಯ ವರ್ಷವೂ ಅದೇ ಆಪರೇಟರ್.