ಹೃದಯ ತೋರಿಸಲು ಕ್ಯೂ ನಿಂತೆವು, ಬಾಯಿ ತೆರೆಯಲಿಲ್ಲ

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಸ್ಟ್ರಿಂಜರ್‌ಗಳಿಗೆ ಇದ್ದದ್ದು ಒಂದೇ ಕೆಲಸ. ಬೆಳಿಗ್ಗೆ ಎದ್ದು, ಇವತ್ತು ಎಲ್ಲಿ ಯಾರಿಗೆ ಹಾರ್ಟ್ ಅಟ್ಯಾಕ್ ಆಯ್ತು ಅಂತ ಫೋನ್ ಮಾಡುವುದು, ನಿನ್ನೆಯ ಸಂಖ್ಯೆಗೆ ಒಂದು ಕೂಡಿಸಿ ಡೆಸ್ಕಿಗೆ ಕಳಿಸುವುದು. ನಾನೂ ಕಳಿಸಿದೆ. ಜನ ಹೆದರಿ ನಸುಕಿಗೇ ಎದ್ದು ಮೈಸೂರಿನ ಜಯದೇವಕ್ಕೆ ಹೊರಟರು. ಕೊನೆಗೆ ಜಯದೇವ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಹಾಸನದಲ್ಲಿ ಮಾತ್ರ ವಿಶೇಷವಾಗಿ ಹೃದಯಾಘಾತ ಏರಿಲ್ಲ, ಶುಗರ್, ಬಿಪಿ, ಸಿಗರೇಟು, ಕುಡಿತ ಇವೇ ಹಿಂದೆ ಇರುವ ಕಾರಣಗಳು ಅಂತ. ಟಿವಿಯವರು ಬೇರೆ ಜಿಲ್ಲೆಗೆ ಹೋದರು. ನಮ್ಮ ಸುದ್ದಿಯೂ ಮುಗಿಯಿತು.

ಶುಗರ್ ಮಾತ್ರ ಇಲ್ಲೇ ಉಳಿಯಿತು. ಅದು ಹೃದಯಕ್ಕಿಂತ ಮೊದಲು ಕೈ ಹಾಕುವ ಜಾಗಗಳಲ್ಲಿ ಬಾಯಿಯೂ ಒಂದು ಅಂತ ಆ 2 ತಿಂಗಳಲ್ಲಿ ನಮ್ಮಲ್ಲಿ ಒಬ್ಬರೂ ಬರೆಯಲಿಲ್ಲ.

ನಮ್ಮ ಸೋದರತ್ತೆಗೆ ಶುಗರ್ ಬಂದು 11 ವರ್ಷ. ಹೊಳೆನರಸೀಪುರದ ಕಡೆಯ ಹಳ್ಳಿ. ತಿಂಗಳಿಗೊಮ್ಮೆ ಹೋಗಿ ಬೆರಳು ಚುಚ್ಚಿಸಿಕೊಂಡು ಮಾತ್ರೆ ತರುತ್ತಾರೆ. 4 ವರ್ಷದಿಂದ ಹಲ್ಲುಜ್ಜಿದರೆ ರಕ್ತ, ಆಮೇಲೆ ಬಾಯಿ ವಾಸನೆ, ಆಮೇಲೆ ಹಲ್ಲು ಒಂದೊಂದೇ ಅಲ್ಲಾಡತೊಡಗಿತು. ಮಾತ್ರೆ ಕೊಡುವ ಕಡೆ ಹೇಳಿದ್ದಕ್ಕೆ "ವಯಸ್ಸಾಯ್ತಲ್ಲಮ್ಮ" ಅಂದರಂತೆ. ಆಗ ಅತ್ತೆಗೆ 52. ಇನ್ನೊಂದು ಕಡೆ ಹಲ್ಲಿನ ಡಾಕ್ಟರ ಹತ್ತಿರ ಹೋದರೆ 3 ಹಲ್ಲು ಕಿತ್ತರು, ಶುಗರ್ ಎಷ್ಟಿದೆ ಅಂತ ಕೇಳಲಿಲ್ಲ. ಗಾಯ 3 ವಾರ ಮಾಗಲಿಲ್ಲ. ಮಾತ್ರೆ ಬರೆಯುವವರು ಬಾಯಿ ತೆರೆಸಲಿಲ್ಲ, ಬಾಯಿ ತೆರೆಸಿದವರು ಚೀಟಿ ನೋಡಲಿಲ್ಲ. ಎರಡು ಕಡೆಯೂ ಒಳ್ಳೆಯವರೇ. ಅದೇ ನನ್ನ ಸಿಟ್ಟು, ಯಾರನ್ನೂ ಬೈಯುವಂತಿಲ್ಲ.

ಇದು ಹೊಸ ವಿಜ್ಞಾನವೇನಲ್ಲ. ಒಸಡಿನ ಕಾಯಿಲೆ ಮಧುಮೇಹದ 6ನೇ ತೊಡಕು ಅಂತ ಹೆರಾಲ್ಡ್ ಲೋ ಎಂಬ ದಂತತಜ್ಞ 1993ರಲ್ಲೇ ಬರೆದರು. ಕಣ್ಣು, ಕಿಡ್ನಿ, ನರ, ರಕ್ತನಾಳಗಳ ಸಾಲಿನಲ್ಲೇ ಒಸಡೂ ಇದೆ. ರಕ್ತದಲ್ಲಿ ಸಕ್ಕರೆ ಏರಿದರೆ ಸೋಂಕಿನ ಜೊತೆ ಹೋರಾಡುವ ಶಕ್ತಿ ಕುಗ್ಗುತ್ತದೆ, ಬಾಯಿ ಒಣಗುತ್ತದೆ, ಒಸಡು ಕೀವಾಗಿ ಹಲ್ಲು ಹಿಡಿದಿರುವ ಮೂಳೆ ಸವೆಯುತ್ತದೆ. ಉಲ್ಟಾ ದಾರಿಯೂ ಇದೆ. ಒಸಡಿನ ಉರಿಯೂತ ಇನ್ಸುಲಿನ್ ಕೆಲಸ ಮಾಡದಂತೆ ತಡೆದು ಶುಗರ್ ಏರಿಸುತ್ತದೆ. ಹಲ್ಲಿನ ಬೇರಿನವರೆಗೆ ಕಲ್ಲು ತೆಗೆಸಿ ಒಸಡಿಗೆ ಚಿಕಿತ್ಸೆ ಕೊಟ್ಟರೆ 3-4 ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತದೆ ಎಂದು 2022ರ ಕಾಕ್ರೇನ್ ಪರಿಶೀಲನೆ ಹೇಳಿದೆ. ಇನ್ನೊಂದು ಮಾತ್ರೆ ಸೇರಿಸುವ ಮೊದಲು ಯೋಚಿಸಬೇಕಾದಷ್ಟು ಇಳಿಕೆ ಅದು. ಹೃದಯದ ವಿಷಯಕ್ಕೆ ನಾನು ಉತ್ಪ್ರೇಕ್ಷೆ ಮಾಡಲ್ಲ. ಒಸಡಿನ ಕಾಯಿಲೆ ಇರುವವರಲ್ಲಿ ಹೃದ್ರೋಗ ಹೆಚ್ಚು ಕಾಣುತ್ತದೆ ಅಷ್ಟೇ, ಹಲ್ಲು ಕ್ಲೀನ್ ಮಾಡಿಸಿದರೆ ಹಾರ್ಟ್ ಅಟ್ಯಾಕ್ ತಪ್ಪುತ್ತದೆ ಅಂತ ಸಾಬೀತಾಗಿಲ್ಲ.

ಆದರೆ ಹೃದಯದ ಮಾತ್ರೆ ನುಂಗುವವರಿಗೆ ಬಾಯಿಯಲ್ಲಿ ಬೇರೆಯದೇ ಕತೆಗಳಿವೆ. ಬಿಪಿಗೆ ಎಲ್ಲೆಡೆ ಕೊಡುವ ಆಮ್ಲೋಡಿಪಿನ್ ಕೆಲವರಿಗೆ ಒಸಡು ಊದಿಸಿ ಹಲ್ಲಿನ ಮೇಲೆ ಬೆಳೆಯುವ ಹಾಗೆ ಮಾಡುತ್ತದೆ. ಮಾತ್ರೆ ಬದಲಿಸಿದರೆ ಸಾಕಾಗಬಹುದಾದ್ದಕ್ಕೆ ಜನ ಲವಂಗದ ಎಣ್ಣೆ ಹಚ್ಚುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರು ಹಲ್ಲು ಕೀಳಿಸಬೇಕು ಅಂತ ರಕ್ತ ತೆಳು ಮಾಡುವ ಮಾತ್ರೆಯನ್ನು ತಾವೇ ನಿಲ್ಲಿಸಿಬಿಡುತ್ತಾರೆ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ. ಹೃದಯದ ಕವಾಟ ಬದಲಿಸಿಕೊಂಡವರಿಗೆ ಹಲ್ಲು ಕೀಳುವ ಮೊದಲು ಆಂಟಿಬಯಾಟಿಕ್ ಕೊಡಬೇಕು. ಇವೆಲ್ಲ ಇಬ್ಬರು ಡಾಕ್ಟರು ಒಂದು ಚೀಟಿಯ ಮೇಲೆ ಮಾತಾಡಿಕೊಂಡರೆ ಮುಗಿಯುವ ವಿಷಯ.

ಸರ್ಕಾರಕ್ಕೆ ಹಲ್ಲಿನ ಬಗ್ಗೆ ಕಾಳಜಿ ಇಲ್ಲವೇ ಅಂದರೆ, ಇದೆ, ಹಲ್ಲು ಹೋದ ಮೇಲೆ. ದಂತಭಾಗ್ಯ ಅಂತ ಯೋಜನೆ, ಬಿಪಿಎಲ್ ಕಾರ್ಡಿನ ಹಿರಿಯರಿಗೆ ಪುಕ್ಕಟೆ ಹಲ್ಲುಸೆಟ್. ಬೇಡ ಅನ್ನುವುದಿಲ್ಲ, ರೊಟ್ಟಿ ಅಗಿಯಲಾಗದ ಅಜ್ಜಿಗೆ ಅದು ದೊಡ್ಡದು. ಆದರೆ ಬೋಳುಬಾಯಿಗೆ ಭಾಗ್ಯ ಕೊಡುವವರು, ಹಲ್ಲು ಉದುರುತ್ತಿದ್ದ ಆ 10 ವರ್ಷ ಎಲ್ಲಿದ್ದರು? 30 ದಾಟಿದವರ ತಪಾಸಣೆಯಲ್ಲಿ ಬಾಯಿ ನೋಡಬೇಕು ಅಂತ ಇದೆ, ಕ್ಯಾನ್ಸರ್ ಗುರುತಿಗೆ. ಅದೂ ಬೇಕು, ಎಲೆಅಡಿಕೆ, ಕಡ್ಡಿಪುಡಿಯ ಊರುಗಳಿವು. ಹೇಗೂ ಟಾರ್ಚ್ ಹಿಡಿದಿದ್ದೀರಿ, ಒಸಡಿನ ಮೇಲೂ ಬಿಡಿ.

ಸಿಗರೇಟಿನ ಮಾತು ಬಂದಾಗ ಒಂದು ವಿಷಯ. ಅರಕಲಗೂಡು ತಾಲೂಕಿನ ರಾಮನಾಥಪುರದ ತಂಬಾಕು ಹರಾಜಿನಲ್ಲಿ ಕೆಜಿಗೆ ಎಷ್ಟು ಸಿಕ್ಕಿತು ಅಂತ ನಾವು ಪ್ರತಿ ವರ್ಷ ಬರೆಯುತ್ತೇವೆ. ಸೇದುವವರ ಒಸಡಿನಿಂದ ರಕ್ತ ಕಡಿಮೆ ಬರುತ್ತದೆ, ಹಾಗಾಗಿ ಒಳಗೆ ಮೂಳೆ ಸವೆದರೂ ಗೊತ್ತಾಗಲ್ಲ ಅಂತ ಒಂದು ಸಲವೂ ಬರೆದಿಲ್ಲ. ನಾವು ಬರೆಯುವ ಹಲ್ಲಿನ ಸುದ್ದಿ ಅಂದರೆ ಉಚಿತ ದಂತ ತಪಾಸಣಾ ಶಿಬಿರ: ಗಣ್ಯರು, ಟೇಪು, ಮಕ್ಕಳ ಕೈಯಲ್ಲಿ ಪೇಸ್ಟಿನ ಸ್ಯಾಷೆ. ಅಲ್ಲಿ ಬಂದ ಅಜ್ಜನ ಶುಗರ್ ಎಷ್ಟಿತ್ತು ಅಂತ ನಾನೂ ಕೇಳಿಲ್ಲ.

ಡಾಕ್ಟರುಗಳು ಹೇಳುತ್ತಾರೆ, ಒಬ್ಬ ರೋಗಿಗೆ 2 ನಿಮಿಷ ಸಿಗಲ್ಲ, ಬಾಯಿ ಯಾವಾಗ ನೋಡೋದು ಅಂತ. ನಿಜ, ಆ ಕ್ಯೂ ನಾನು ನೋಡಿದ್ದೇನೆ. ಆದರೆ "ಹಲ್ಲುಜ್ಜುವಾಗ ರಕ್ತ ಬರುತ್ತಾ, ಹಲ್ಲು ಅಲ್ಲಾಡುತ್ತಾ?" ಅಂತ ಕೇಳಲು ಡಾಕ್ಟರೇ ಬೇಕಿಲ್ಲ, ಬೆರಳು ಚುಚ್ಚುವ ನರ್ಸಮ್ಮ ಕೇಳಬಹುದು. ಹೌದು ಅಂದವರ ಚೀಟಿಯಲ್ಲಿ ಹಲ್ಲಿನ ವಿಭಾಗ ಅಂತ ಬರೆದು ಕಳಿಸಬಹುದು. ಹಲ್ಲಿನ ಕುರ್ಚಿಯಲ್ಲಿ ಕೂತವರಿಗೆ ಶುಗರ್ ನೋಡದೆ ಹಲ್ಲು ಕೀಳಬಾರದು. ಹಾಸನ ನಗರದಲ್ಲಿ ಮೆಡಿಕಲ್ ಕಾಲೇಜೂ ಇದೆ, ಡೆಂಟಲ್ ಕಾಲೇಜೂ ಇದೆ. ಚನ್ನರಾಯಪಟ್ಟಣದಲ್ಲೋ ಅರಕಲಗೂಡಿನಲ್ಲೋ ಶುಗರ್ ಕ್ಯಾಂಪ್ ಮಾಡುವ ದಿನವೇ ಹಲ್ಲಿನ ಹುಡುಗರನ್ನೂ ಅದೇ ಪೆಂಡಾಲಿಗೆ ಕರೆತರಲು ಹೊಸ ಯೋಜನೆ, ಹೊಸ ಹೆಸರು, ಯಾರದೋ ಫೋಟೋ ಬೇಕಿಲ್ಲ.

ಮುಂದಿನ ತಿಂಗಳು ಮಾತ್ರೆಗೆ ಅತ್ತೆ ಜೊತೆ ನಾನೇ ಹೋಗುತ್ತಿದ್ದೇನೆ. ಅವರು ಕೇಳದಿದ್ದರೂ ಬಾಯಿ ತೆಗೆದು ತೋರಿಸು ಅಂತ ಹೇಳಿಟ್ಟಿದ್ದೇನೆ. "ಉಳ್ದಿರೋ 15 ಹಲ್ಲಿಗೆ ಅಷ್ಟೊಂದು ಯಾಕ್ಲಾ ಮಗ" ಅಂದರು.